ಒಂದೇ ಆಸ್ಪತ್ರೆ, ಎರಡು ನೆಲೆ: ವಿದನ್‌ಶಾ ಕುರಿತು ಒಂದು ಟಿಪ್ಪಣಿ

ಅಮೆರಿಕದ ಜನಗಣತಿ ‘ಹಿಸ್ಪಾನಿಕ್’ ಎಂಬ ಒಂದೇ ಹೆಸರಿನಡಿ ಎಣಿಸುವ ಜನ ನಗರಗಳಲ್ಲಿ ಒಂದೇ ಕೇರಿಯವರಾಗಲಿಲ್ಲ. ಕ್ಯೂಬಾದವರು ಮಯಾಮಿಯಲ್ಲಿ, ಪೋರ್ಟೊ ರಿಕೊದವರು ನ್ಯೂಯಾರ್ಕಿನ ಈಸ್ಟ್ ಹಾರ್ಲೆಮಿನಲ್ಲಿ, ಡೊಮಿನಿಕನ್ನರು ಅದೇ ನಗರದ ವಾಷಿಂಗ್ಟನ್ ಹೈಟ್ಸ್‌ನಲ್ಲಿ, ಮೆಕ್ಸಿಕೊದವರು ಲಾಸ್ ಏಂಜಲೀಸಿನ ಪೂರ್ವಭಾಗದಲ್ಲೂ ಶಿಕಾಗೋದ ಪಿಲ್ಸನ್‌ನಲ್ಲೂ ಬೇರೂರಿದರು. ಆಡುವ ಭಾಷೆ ಒಂದೇ, ಬಹುಪಾಲು ಜನರ ಧರ್ಮವೂ ಒಂದೇ. ಆದರೂ ಯಾವ ಕೆಲಸಕ್ಕೆ, ಯಾವ ಕಾನೂನಿನಡಿ, ಯಾವ ಕಾಲದಲ್ಲಿ ಬಂದರು ಎಂಬುದು ಅವರವರ ಬೀದಿಗಳನ್ನು ಬೇರೆಮಾಡಿತು. ಬ್ರಿಟನ್ನಿನ ಗಣತಿಯಲ್ಲಿ 1991ರಿಂದ ಇರುವ ‘ಇಂಡಿಯನ್’ ಎಂಬ ಕಲಮೂ ಇಂಥದೇ. ಆ ಕಲಮಿನಡಿ ಒಟ್ಟಾಗಿ ಎಣಿಕೆಯಾಗುವ ಎರಡು ಸಮುದಾಯಗಳು, ಮಲಯಾಳಿ ನರ್ಸುಗಳು ಮತ್ತು ಕನ್ನಡಿಗ ವೈದ್ಯರು, ದಕ್ಷಿಣ ಮ್ಯಾಂಚೆಸ್ಟರಿನ ವಿದನ್‌ಶಾದ ಸುತ್ತ ಹೇಗೆ ಬೇರೆಬೇರೆಯಾಗಿ ನೆಲೆ ಕಂಡುಕೊಂಡರು ಎಂಬುದೇ ಈ ಟಿಪ್ಪಣಿಯ ವಿಷಯ. ಒಬ್ಬರು ಎಲ್ಲಿ ವಾಸವಾಗಿದ್ದಾರೆ ಎಂಬುದಕ್ಕೂ ಎಲ್ಲಿ ಅವರಿಗೆ ತಮ್ಮೂರು ಅನ್ನಿಸುತ್ತದೆ ಎಂಬುದಕ್ಕೂ ಬೇರೆಬೇರೆ ಕಾರಣಗಳಿವೆ. ನಮ್ಮ ಚರ್ಚೆಗಳಲ್ಲಿ ಎರಡನ್ನೂ ಬೆರೆಸುತ್ತ ಬಂದಿದ್ದೇವೆ ಎಂಬುದು ನನ್ನ ವಾದ.

ವಿದನ್‌ಶಾ ತಾನಾಗಿ ಬೆಳೆದ ಊರಲ್ಲ, ಕಟ್ಟಿಸಿದ ಊರು. ಮ್ಯಾಂಚೆಸ್ಟರ್ ನಗರಸಭೆ 1926ರಲ್ಲಿ ಟ್ಯಾಟನ್ ಮನೆತನದಿಂದ ಸುಮಾರು 2,500 ಎಕರೆ ನೆಲ ಕೊಂಡಿತು. ಅದೇ ವರ್ಷ ಅರ್ನೆಸ್ಟ್ ಸೈಮನ್ ಮತ್ತು ಶೀನಾ ಸೈಮನ್ ದಂಪತಿ ವಿದನ್‌ಶಾ ಹಾಲ್ ಎಂಬ ಹಳೆಯ ಬಂಗಲೆಯನ್ನೂ ಅದರ ಸುತ್ತಲ 250 ಎಕರೆ ಉದ್ಯಾನವನ್ನೂ ತಮ್ಮ ಹಣದಲ್ಲೇ ಕೊಂಡು ನಗರಕ್ಕೆ ಒಪ್ಪಿಸಿದರು. ಲೆಚ್‌ವರ್ತ್ ಉದ್ಯಾನನಗರಿಯ ನಕ್ಷೆಯಲ್ಲಿ ರೇಮಂಡ್ ಅನ್ವಿನ್‌ಗೆ ಜೊತೆಯಾಗಿದ್ದ ಬ್ಯಾರಿ ಪಾರ್ಕರ್ ಅವರಿಗೆ ಹೊಸ ಊರಿನ ಯೋಜನೆ ಒಪ್ಪಿಸಲಾಯಿತು. ಮರ್ಸಿ ನದಿಯ ಆಚೆ ಚೆಷೈರ್ ಜಿಲ್ಲೆಗೆ ಸೇರಿದ್ದ ಬ್ಯಾಗುಲಿ, ನಾರ್ದೆಂಡನ್, ನಾರ್ದೆನ್ ಎಚಲ್ಸ್ ಎಂಬ ಮೂರು ಗ್ರಾಮಗಳು 1931ರಲ್ಲಿ ಮ್ಯಾಂಚೆಸ್ಟರಿಗೆ ಸೇರಿದವು. ಹಲ್ಮ್, ಆಂಕೋಟ್ಸ್‌ನಂಥ ಹೊಗೆ ತುಂಬಿದ ಕೇರಿಗಳ ಕಾರ್ಮಿಕರಿಗೆ ಹಿತ್ತಲಿರುವ ಮನೆ, ಮರಗಳ ಸಾಲಿನ ರಸ್ತೆ, ಒಳ್ಳೆಯ ಗಾಳಿ ಸಿಗಬೇಕೆಂಬುದು ಕನಸು. ಮನೆಗಳೇನೋ ಬೇಗ ಎದ್ದವು. ಅಂಗಡಿ, ಸಭಾಂಗಣ, ಊರ ನಡುವಿನ ಪೇಟೆ ಮಾತ್ರ ದಶಕಗಟ್ಟಲೆ ಹಿಂದೆ ಬಿದ್ದವು. ಗ್ರಂಥಾಲಯ, ಈಜುಕೊಳಗಳನ್ನು ಒಳಗೊಂಡ ಫೋರಮ್ ಕಟ್ಟಡ ತೆರೆದದ್ದು 1971ರಲ್ಲಿ. ಆ ಹೊತ್ತಿಗೆ ಊರಿಗೆ ಬಡತನದ ಹೆಸರು ಅಂಟಿತ್ತು. 2000ದ ಸರ್ಕಾರಿ ಸೂಚ್ಯಂಕದಲ್ಲಿ ಇಲ್ಲಿನ ಬೆಂಚಿಲ್ ವಾರ್ಡು ಇಂಗ್ಲೆಂಡಿನಲ್ಲೇ ಅತ್ಯಂತ ಹಿಂದುಳಿದದ್ದು ಎನ್ನಿಸಿಕೊಂಡಿತು.

1950–60ರ ದಶಕಗಳಲ್ಲಿ ಉಪಖಂಡದಿಂದ ಉತ್ತರ ಇಂಗ್ಲೆಂಡಿಗೆ ಬಂದವರು ಇಲ್ಲಿ ನೆಲೆಸಲಿಲ್ಲ. ಓಲ್ಡಮ್, ರಾಚ್‌ಡೇಲ್, ಬೋಲ್ಟನ್‌ಗಳ ನೂಲಿನ ಗಿರಣಿಗಳಲ್ಲಿ ರಾತ್ರಿಪಾಳಿ ಮಾಡಿದವರು ಗಿರಣಿಯ ಮಗ್ಗುಲ ಸಾಲುಮನೆಗಳಲ್ಲಿ ಇದ್ದರು. ಮ್ಯಾಂಚೆಸ್ಟರ್ ನಗರದೊಳಗಿನ ಪಾಕಿಸ್ತಾನಿ ವ್ಯಾಪಾರಿಗಳು ಲಾಂಗ್‌ಸೈಟ್, ರಶಮ್ ಕಡೆ ಹಳೆಯ ಮನೆ ಕೊಂಡು, ಕೈಗೆ ಹಣ ಬಂದಂತೆ ಹೊರವಲಯದ ಬಡಾವಣೆಗಳಿಗೆ ಸರಿದ ಬಗೆಯನ್ನು ಪ್ನಿನಾ ವರ್ಬ್‌ನರ್ 1990ರ ತಮ್ಮ ಪುಸ್ತಕದಲ್ಲಿ ಎಳೆಎಳೆಯಾಗಿ ಬರೆದಿದ್ದಾರೆ. ವಿದನ್‌ಶಾದಲ್ಲಿದ್ದಂಥ ನಗರಸಭೆಯ ಮನೆ ಸಿಗಬೇಕಾದರೆ ಆ ಊರಲ್ಲಿ ಇಷ್ಟು ವರ್ಷ ವಾಸವಿರಬೇಕಿತ್ತು, ಪಟ್ಟಿಯಲ್ಲಿ ಕಾಯಬೇಕಿತ್ತು. ಬರ್ಮಿಂಗ್‌ಹ್ಯಾಮಿನ ಸ್ಪಾರ್ಕ್‌ಬ್ರೂಕ್ ಕುರಿತು ಜಾನ್ ರೆಕ್ಸ್ ಮತ್ತು ರಾಬರ್ಟ್ ಮೂರ್ 1967ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳೇ ಇದು: ಐದು ವರ್ಷ ವಾಸದ ನಿಯಮ ಮತ್ತು ಹಂಚಿಕೆಯ ಪಕ್ಷಪಾತ ಸೇರಿ ಹೊಸಬರನ್ನು ಬಾಡಿಗೆ ಕೋಣೆಗಳ ಶಿಥಿಲ ಮನೆಗಳಿಗೆ ತಳ್ಳಿದವು. 1974ರಲ್ಲಿ ಬದ್ರ್ ದಾಹ್ಯಾ ಇದಕ್ಕೆ ಎದುರಾಗಿ, ಒಟ್ಟಿಗಿದ್ದು ಉಳಿತಾಯ ಮಾಡುವುದು ಪಾಕಿಸ್ತಾನಿಗಳ ಸ್ವಂತ ಆಯ್ಕೆಯಾಗಿತ್ತು ಎಂದರು. ಈ ವಾದ ಐವತ್ತು ವರ್ಷಗಳಿಂದ ನಡೆಯುತ್ತಲೇ ಇದೆ. ನನಗೆ ಎರಡೂ ಅರ್ಧ ಸತ್ಯ ಅನ್ನಿಸುತ್ತದೆ. ಮೊದಲು ಬಾಗಿಲು ಮುಚ್ಚಿತ್ತು. ಮುಚ್ಚಿದ ಬಾಗಿಲ ಹೊರಗೆ ಜನ ತಮ್ಮ ಆಯ್ಕೆ ಮಾಡಿಕೊಂಡರು.

ವಿದನ್‌ಶಾದ ಬಾಗಿಲು ತೆರೆದದ್ದು 1980ರ ವಸತಿ ಕಾಯ್ದೆಯಿಂದ. ನಗರಸಭೆಯ ಬಾಡಿಗೆದಾರರು ತಾವಿದ್ದ ಮನೆಯನ್ನೇ ಕೊಳ್ಳುವ ಹಕ್ಕು ಪಡೆದರು. ಕೊಂಡವರಲ್ಲಿ ಕೆಲವರು ಮುಂದೆ ಮಾರಿದರು, ಬಾಡಿಗೆಗೂ ಕೊಟ್ಟರು. ಹೀಗೆ ಒಂದು ಕಾಲಕ್ಕೆ ಪಟ್ಟಿಯಲ್ಲಿದ್ದವರಿಗೆ ಮಾತ್ರ ಸಿಗುತ್ತಿದ್ದ ಮನೆಗಳು ಪೇಟೆಗೆ ಬಂದವು. ಇದಾದ ಎರಡು ದಶಕದ ಬಳಿಕ ಕೇರಳದಿಂದ ನರ್ಸುಗಳು ಬಂದರು. 1990ರ ದಶಕದ ಕೊನೆಯಿಂದ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಹೊರದೇಶಗಳಲ್ಲಿ ನರ್ಸುಗಳಿಗಾಗಿ ಹುಡುಕಾಟ ನಡೆಸಿದಾಗ ಭಾರತದಿಂದ ಬಂದವರಲ್ಲಿ ಮಲಯಾಳಿಗಳದ್ದೇ ಮೇಲುಗೈ. ವಿದನ್‌ಶಾ ಆಸ್ಪತ್ರೆ ಹಳೆಯ ಬ್ಯಾಗುಲಿ ಕ್ಷಯರೋಗ ಚಿಕಿತ್ಸಾಲಯದ ನೆಲದಿಂದ ಬೆಳೆದದ್ದು. ಹೃದಯ ಮತ್ತು ಶ್ವಾಸಕೋಶದ ಕಸಿಗೆ ದೇಶದಲ್ಲೇ ಹೆಸರಾದದ್ದು. ಅಲ್ಲಿ ಕೆಲಸ ಸಿಕ್ಕವರಿಗೆ ಹತ್ತಿರದಲ್ಲೇ, ಕೈಗೆಟಕುವ ಬೆಲೆಗೆ, ಮೂರು ಕೋಣೆಯ ಮನೆ ಇತ್ತು.

ಈ ಹತ್ತಿರ ಎನ್ನುವುದನ್ನು ಲಘುವಾಗಿ ನೋಡಬಾರದು. ವಾರ್ಡಿನ ನರ್ಸಿನ ಒಂದು ಪಾಳಿ ಹನ್ನೆರಡು ಗಂಟೆಗೂ ಮೀರುತ್ತದೆ. ಬೆಳಗಿನ ಪಾಳಿ ಏಳರ ಸುಮಾರಿಗೆ ಶುರು. ಗಂಡನೂ ದುಡಿಯುವವನಾದರೆ ಇಬ್ಬರ ಪಾಳಿಗಳ ನಡುವೆ ಮಗುವನ್ನು ಯಾರಾದರೂ ನೋಡಿಕೊಳ್ಳಲೇಬೇಕು. ಊರಲ್ಲಿ ಅಮ್ಮಚ್ಚಿಯೋ ಅತ್ತೆಯೋ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪಕ್ಕದ ಬೀದಿಯ ಇನ್ನೊಬ್ಬ ನರ್ಸು, ತನ್ನ ರಜೆಯ ದಿನ, ಮಾಡಬೇಕು. ಹಾಗಾಗಿ ಒಬ್ಬರ ಹಿಂದೆ ಒಬ್ಬರು ಅಲ್ಲೇ ಮನೆ ಹುಡುಕಿದ್ದು ಭಾವುಕತೆಯಿಂದಲ್ಲ. ಪಾಳಿಯ ಪಟ್ಟಿ ಹಾಗೆ ಮಾಡಿಸಿತು.

ಅವರಿಗೆ ಅಲ್ಲೊಂದು ಆಲಯವೂ ಸಿದ್ಧವಾಗಿತ್ತು. ವಿದನ್‌ಶಾಕ್ಕೆ ಬಂದ ಕಾರ್ಮಿಕ ಕುಟುಂಬಗಳಲ್ಲಿ ಐರಿಷ್ ಮೂಲದ ಕೆಥೋಲಿಕರು ಬಹಳ ಜನ. ಅವರಿಗಾಗಿ ಏಡ್ರಿಯನ್ ಗಿಲ್ಬರ್ಟ್ ಸ್ಕಾಟ್ ವಿನ್ಯಾಸ ಮಾಡಿದ ಸಂತ ಅಂತೋಣಿ ಇಗರ್ಜಿ, ಎತ್ತರದ ಕಮಾನುಗಳ ದೊಡ್ಡ ಇಟ್ಟಿಗೆ ಕಟ್ಟಡ, 1960ರ ಹೊತ್ತಿಗೆ ಮುಗಿದಿತ್ತು. ಪೂಜೆಗೆ ಬರುವ ಆಂಗ್ಲ–ಐರಿಷ್ ಜನ ಕಡಿಮೆಯಾಗುತ್ತ ಬಂದ ಕಾಲಕ್ಕೆ ಕೆಥೋಲಿಕರೇ ಆದ ಸೀರೋ ಮಲಬಾರ್ ಪಂಥದ ಮಲಯಾಳಿಗಳು ಬಂದರು. ಅಪೊಸ್ತಲ ತೋಮನ ನೆನಪಿನ ದುಕ್ರಾನಾ ಹಬ್ಬ ಜುಲೈ ಆರಂಭದಲ್ಲಿ ಇಲ್ಲಿ ಧ್ವಜಾರೋಹಣ, ಚೆಂಡೆ, ಬಣ್ಣದ ಮುತ್ತುಕೊಡೆಗಳ ಮೆರವಣಿಗೆಯೊಂದಿಗೆ ನಡೆಯುತ್ತದೆ. ಬೇರೆ ಊರುಗಳ ಮಲಯಾಳಿಗಳೂ ಅದಕ್ಕೆ ಬರುತ್ತಾರೆ. 2016ರಲ್ಲಿ ಗ್ರೇಟ್ ಬ್ರಿಟನ್ನಿಗೆಂದೇ ಸೀರೋ ಮಲಬಾರ್ ಧರ್ಮಪ್ರಾಂತ ಸ್ಥಾಪನೆಯಾದಾಗ ಅದರ ಪ್ರಧಾನಾಲಯ ಲಂಡನ್ನಿಗೆ ಹೋಗದೆ ಲ್ಯಾಂಕಷೈರಿನ ಪ್ರೆಸ್ಟನ್ನಿಗೆ ಬಂತು. ವಾರಕ್ಕೊಮ್ಮೆ ಸೇರಲೇಬೇಕಾದ ಜಾಗ, ಮಕ್ಕಳ ಧರ್ಮಪಾಠ, ಮದುವೆ, ಶವಸಂಸ್ಕಾರ ಎಲ್ಲಕ್ಕೂ ಒಂದೇ ಅಂಗಳ ಇದ್ದುಬಿಟ್ಟರೆ ಊರು ತನ್ನದಾಗಲು ಬಹುಕಾಲ ಬೇಡ.

ಇನ್ನು ಕನ್ನಡಿಗರ ವಿಷಯ. ಇದೇ ಆಸ್ಪತ್ರೆಯಂಥ ಆಸ್ಪತ್ರೆಗಳಿಗೆ ಕರ್ನಾಟಕದಿಂದ ಬಂದವರು ಮೊದಲು ವೈದ್ಯರು. ಮೈಸೂರು, ಬೆಂಗಳೂರು, ಮಣಿಪಾಲ, ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಯ ಕಾಲೇಜುಗಳಲ್ಲಿ ಓದಿದವರು 1960ರ ದಶಕದಿಂದ ಬರತೊಡಗಿದರು. 1975ರಲ್ಲಿ ಭಾರತದ ಪದವಿಗಳಿಗೆ ಇದ್ದ ನೇರ ಮಾನ್ಯತೆಯನ್ನು ಜನರಲ್ ಮೆಡಿಕಲ್ ಕೌನ್ಸಿಲ್ ತೆಗೆದುಹಾಕಿದ ಮೇಲೆ ಪರೀಕ್ಷೆ ಪಾಸಾಗಿ ಬಂದರು. ತರಬೇತಿಯ ವೈದ್ಯನಿಗೆ ಆರು ತಿಂಗಳಿಗೊಂದು ಆಸ್ಪತ್ರೆ. ಇಂದು ಬೋಲ್ಟನ್, ನಾಳೆ ಬರ್ನ್‌ಲಿ, ನಾಡಿದ್ದು ವೇಕ್‌ಫೀಲ್ಡ್. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲೇ ವಾಸ. ಕಾಯಂ ಹುದ್ದೆ ಸಿಗುವ ಹೊತ್ತಿಗೆ ಆಂಗ್ಲ ವೈದ್ಯರು ಒಲ್ಲದ ವಿಭಾಗ, ಒಲ್ಲದ ಊರು ಅವರ ಪಾಲಿಗೆ ಬರುತ್ತಿತ್ತು. ಗಣಿ–ಗಿರಣಿ ಪಟ್ಟಣಗಳ ಸಾಮಾನ್ಯ ವೈದ್ಯಕೀಯವನ್ನು ದಕ್ಷಿಣ ಏಷ್ಯಾದ ವೈದ್ಯರು ಎತ್ತಿಹಿಡಿದ ಕಥೆಯನ್ನು ಜೂಲಿಯನ್ ಸಿಂಪ್ಸನ್ 2018ರ ಪುಸ್ತಕದಲ್ಲಿ ಹೇಳಿದ್ದಾರೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅನೀಜ್ ಇಸ್ಮಾಯಿಲ್ 2007ರಲ್ಲಿ ಇದನ್ನು ಸೇವೆ ಮತ್ತು ದ್ರೋಹ ಎಂಬ ಎರಡು ಮಾತಿನಲ್ಲಿ ಹಿಡಿದಿಟ್ಟರು. ಆ ಎರಡನೆಯ ಮಾತು ಕಟುವಾದರೂ ನ್ಯಾಯವಾದದ್ದು.

ಹೀಗೆ ಕನ್ನಡಿಗ ವೈದ್ಯರು ಚದುರಿದ್ದು ಅವರ ಸ್ವಭಾವದಿಂದಲ್ಲ, ಹುದ್ದೆಯ ಸ್ವರೂಪದಿಂದ. ನೆಲೆ ನಿಂತಾಗ ಅವರಿಗೆ ಮುಖ್ಯವಾದದ್ದು ಮಕ್ಕಳ ಶಾಲೆ. ವಿದನ್‌ಶಾದ ಪಶ್ಚಿಮದ ಗಡಿ ದಾಟಿದರೆ ಟ್ರಾಫರ್ಡ್ ಆಡಳಿತ. ಹನ್ನೊಂದನೆಯ ವಯಸ್ಸಿನ ಪ್ರವೇಶ ಪರೀಕ್ಷೆಯನ್ನೂ ಗ್ರಾಮರ್ ಶಾಲೆಗಳನ್ನೂ ಉಳಿಸಿಕೊಂಡಿರುವ ಕೆಲವೇ ಪ್ರದೇಶಗಳಲ್ಲಿ ಅದೊಂದು. ಮ್ಯಾಂಚೆಸ್ಟರ್ ನಗರದಲ್ಲಿ ಅಂಥ ಸರ್ಕಾರಿ ಶಾಲೆಗಳಿಲ್ಲ. ಸೇಲ್, ಟಿಂಪರ್ಲಿ, ಆಲ್ಟ್ರಿಂಚಮ್‌ಗಳಲ್ಲಿ ಭಾರತೀಯ ವೃತ್ತಿಪರರು ಮನೆ ಕೊಳ್ಳುವುದರ ಹಿಂದೆ ಈ ಗಡಿರೇಖೆಯಿದೆ. ಆಸ್ಪತ್ರೆ ಒಂದೇ. ಅಲ್ಲಿಂದ ನರ್ಸಿನ ಮನೆ ಒಂದು ದಿಕ್ಕಿಗೆ, ವೈದ್ಯರ ಮನೆ ಇನ್ನೊಂದು ದಿಕ್ಕಿಗೆ. ನಡುವೆ ಕೆಲವೇ ಮೈಲಿ. ಇದನ್ನು ಭಾಷೆಯ ಭೇದ ಎನ್ನುವುದಕ್ಕಿಂತ ವರ್ಗದ ಭೇದ ಎನ್ನುವುದು ಪ್ರಾಮಾಣಿಕ.

ನೆರೆಯಲ್ಲಿ ಸಿಗದ ಬಳಗವನ್ನು ಕನ್ನಡಿಗರು ದೂರದಿಂದ ಕಟ್ಟಿಕೊಂಡರು. ವೈದ್ಯರ ಮುಂದಾಳತ್ವದಲ್ಲಿ 1980ರ ದಶಕದಲ್ಲಿ ಬೆಳೆದ ಕನ್ನಡ ಬಳಗ ಯುಕೆ, ಯುಗಾದಿ ಮತ್ತು ದೀಪಾವಳಿಯ ಸಮಾರಂಭಗಳನ್ನು ಒಂದೂರಲ್ಲಿ ನಿಲ್ಲಿಸದೆ ಊರೂರಿಗೆ ಒಯ್ಯುತ್ತದೆ. ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣ, ಬಾಳೆಲೆ ಇಲ್ಲದಿದ್ದರೂ ಒಬ್ಬಟ್ಟು ತಪ್ಪದ ಊಟ, ಮಕ್ಕಳ ನಾಟಕ, ಸಂಜೆಗೆ ಎಲ್ಲರೂ ಎಂ6 ಅಥವಾ ಎಂ62 ಹೆದ್ದಾರಿ ಹಿಡಿದು ವಾಪಸು. ದೇವರ ದರ್ಶನಕ್ಕೆ ಮ್ಯಾಂಚೆಸ್ಟರಿನ ವ್ಯಾಲಿ ರೇಂಜಿನ ಗೀತಾ ಭವನ ಹತ್ತಿರ. ಆದರೆ ಅಲ್ಲಿನ ಆರತಿ ಉತ್ತರ ಭಾರತದ ಕ್ರಮದ್ದು. ತಿರುಪತಿಯ ಕ್ರಮದ ಪೂಜೆ ಬೇಕೆಂದರೆ ಬರ್ಮಿಂಗ್‌ಹ್ಯಾಮ್ ಬಳಿಯ ಟಿವಿಡೇಲಿನಲ್ಲಿ 2006ರಲ್ಲಿ ತೆರೆದ ಬಾಲಾಜಿ ದೇವಸ್ಥಾನಕ್ಕೆ ಹೋಗಬೇಕು. 1998ರಲ್ಲಿ ವಿಲ್ಬರ್ ಝೆಲಿನ್‌ಸ್ಕಿ ಮತ್ತು ಬ್ಯಾರೆಟ್ ಲೀ ಅಮೆರಿಕದ ವಲಸಿಗರ ಬಗ್ಗೆ ಒಂದು ಸಿದ್ಧಾಂತ ಮುಂದಿಟ್ಟರು: ಮನೆಗಳು ಚದುರಿದ್ದರೂ ಸಂಘ, ಧರ್ಮ, ದೂರಸಂಪರ್ಕದ ಮೂಲಕ ಸಮುದಾಯ ಗಟ್ಟಿಯಾಗಿ ಉಳಿಯಬಲ್ಲದು, ಕೇರಿ ಅನಿವಾರ್ಯವಲ್ಲ. ಬ್ರಿಟನ್ನಿನ ಕನ್ನಡಿಗರಿಗೆ ಈ ಮಾತು ಬಹುಮಟ್ಟಿಗೆ ಒಪ್ಪುತ್ತದೆ. ಒಂದು ತಕರಾರಿದೆ: ಈ ಜೀವನಕ್ರಮ ಕಾರು ಓಡಿಸಬಲ್ಲವರದ್ದು. ಮಗನ ಮನೆಗೆ ಬಂದು ಉಳಿದ ಎಪ್ಪತ್ತೈದರ ಅಜ್ಜಿಗೆ ವರ್ಷಕ್ಕೆರಡು ಹಬ್ಬದ ನಡುವಿನ ದಿನಗಳಲ್ಲಿ ಕನ್ನಡ ಮಾತಾಡಲು ಮನೆಯವರ ಹೊರತು ಯಾರಿದ್ದಾರೆ? ವಿದನ್‌ಶಾದ ಮಲಯಾಳಿ ಅಜ್ಜಿ ನಡೆದೇ ಇಗರ್ಜಿಗೆ ಹೋಗಬಹುದು.

ಕನ್ನಡಿಗರಿಗೆ ಕೇರಿ ಕಟ್ಟಿ ಬಾಳುವ ಗುಣವೇ ಇಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಮುಂಬಯಿ ಅದನ್ನು ಸುಳ್ಳುಮಾಡುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಹುಡುಗರು ಹೋಟೆಲಿನ ಕೆಲಸಕ್ಕೆ ಹೋಗಿ, ಹೋಟೆಲಿನಲ್ಲೇ ಮಲಗಿ, ರಾತ್ರಿ ಶಾಲೆಗಳಲ್ಲಿ ಕಲಿತು, ಜಾತಿ ಸಂಘಗಳನ್ನೂ ಕನ್ನಡ ಸಂಘಗಳನ್ನೂ ಕಟ್ಟಿದರು. ಮಾಟುಂಗದ ಮೈಸೂರು ಅಸೋಸಿಯೇಶನ್ 1926ರದ್ದು. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ದುಡಿಮೆ ಒಟ್ಟಿಗಿದ್ದಲ್ಲಿ ಕನ್ನಡಿಗರೂ ಒಟ್ಟಿಗಿದ್ದರು. ಅದೇ ನಾಡಿನ ವೈದ್ಯ ಬ್ರಿಟನ್ನಿನಲ್ಲಿ ಒಂಟಿಯಾದದ್ದಕ್ಕೆ ಕಾರಣವನ್ನು ಆಸ್ಪತ್ರೆಯ ಹುದ್ದೆ ಪದ್ಧತಿಯಲ್ಲಿ ಹುಡುಕಬೇಕೇ ಹೊರತು ರಕ್ತದಲ್ಲಲ್ಲ.

ಎಣಿಕೆಯ ತೊಡಕೂ ಸಣ್ಣದಲ್ಲ. 2011ರಿಂದ ಇಂಗ್ಲೆಂಡಿನ ಗಣತಿ ‘ಮುಖ್ಯ ಭಾಷೆ’ ಯಾವುದೆಂದು ಕೇಳುತ್ತದೆ. ಉತ್ತರ ಒಂದೇ ಇರಬೇಕು. ದಿನವಿಡೀ ಇಂಗ್ಲಿಷಿನಲ್ಲಿ ಕೆಲಸ ಮಾಡಿ ಮನೆಯಲ್ಲಿ ಕನ್ನಡ ಆಡುವ ವೈದ್ಯೆ ಇಂಗ್ಲಿಷಿಗೆ ಗುರುತು ಹಾಕಿದರೆ ಆಕೆಯ ಕನ್ನಡ ಕಾಣೆಯಾಯಿತು. ಮಂಗಳೂರಿನ ಕೆಥೋಲಿಕ್ ನರ್ಸು ಮನೆಯಲ್ಲಿ ಕೊಂಕಣಿ ಆಡುತ್ತಾಳೆ, ಶಾಲೆಯಲ್ಲಿ ಕನ್ನಡ ಕಲಿತಿದ್ದಾಳೆ, ನೆರೆಯವರೊಂದಿಗೆ ತುಳು ಆಡುತ್ತಾಳೆ. ಆಕೆಯನ್ನು ಯಾವ ಸಾಲಿಗೆ ಸೇರಿಸುವುದು? ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ನರ್ಸಿಂಗ್ ಓದಿ ಕನ್ನಡದಲ್ಲೇ ರೋಗಿಗಳನ್ನು ಮಾತಾಡಿಸಿ ಪಳಗಿದ ಮಲಯಾಳಿಗಳೂ ಈ ಆಸ್ಪತ್ರೆಗಳಲ್ಲಿದ್ದಾರೆ. ಗಣತಿಯ ಕೋಷ್ಟಕವನ್ನೇ ನಂಬಿ ಬ್ರಿಟನ್ನಿನ ಕನ್ನಡದ ನಕ್ಷೆ ಬರೆದರೆ ಅದು ಇರುವುದಕ್ಕಿಂತ ಬಡವಾಗಿಯೇ ಕಾಣುತ್ತದೆ.

ಮುಂದಿನ ಅಧ್ಯಯನಕ್ಕೆ ಎರಡು ಕೆಲಸ ತುರ್ತಾಗಿ ಕಾಣುತ್ತವೆ. 2020ರ ಆರೋಗ್ಯ ಸೇವಾ ವೀಸಾದಿಂದ ನರ್ಸುಗಳ ಹೊಸ ಅಲೆ ಬಂದಿದೆ. 2022ರಲ್ಲಿ ವೃದ್ಧರ ಆರೈಕೆಯ ಕೆಲಸಗಾರರಿಗೂ ಆ ದಾರಿ ತೆರೆಯಿತು. 2024ರ ಮಾರ್ಚಿನಿಂದ ಹೊಸದಾಗಿ ಬರುವ ಆರೈಕೆಗಾರರು ಗಂಡ–ಹೆಂಡತಿ–ಮಕ್ಕಳನ್ನು ಕರೆತರುವಂತಿಲ್ಲವಾಯಿತು. 2025ರ ಜುಲೈಯಲ್ಲಿ ಹೊರದೇಶದಿಂದ ಆರೈಕೆಗಾರರ ಹೊಸ ನೇಮಕವೇ ನಿಂತಿತು. ಮಗುವನ್ನು ಊರಲ್ಲಿ ಬಿಟ್ಟು ಬಂದವರು ನೆಲೆಯೂರುವ ಬಗೆ ವಿದನ್‌ಶಾದ ಮೊದಲ ನರ್ಸುಗಳ ಬಗೆಗಿಂತ ಬೇರೆಯೇ ಆಗಿರುತ್ತದೆ. ಅದನ್ನು ಈಗಲೇ ದಾಖಲಿಸಬೇಕು. ಎರಡನೆಯದು, 1960–70ರ ದಶಕಗಳಲ್ಲಿ ಬಂದ ವೈದ್ಯರ ನೆನಪುಗಳು. ವೃದ್ಧಾಪ್ಯ ಚಿಕಿತ್ಸೆಯಲ್ಲಿ ದುಡಿದ ದಕ್ಷಿಣ ಏಷ್ಯಾದ ವೈದ್ಯರ ಸಂದರ್ಶನಗಳನ್ನು ಜೊಆನಾ ಬೋರ್ನಾಟ್ ಮತ್ತು ಸಂಗಡಿಗರು ಮಾಡಿ ಬ್ರಿಟಿಷ್ ಲೈಬ್ರರಿಯಲ್ಲಿ ಇರಿಸಿದ್ದಾರೆ. ಆ ಮಾತುಕತೆ ಇಂಗ್ಲಿಷಿನದು, ವೃತ್ತಿಯ ಸುತ್ತಲಿನದು. ಕ್ವಾರ್ಟರ್ಸಿನಲ್ಲಿ ದಿನವಿಡೀ ಒಬ್ಬರೇ ಇದ್ದು ಮಕ್ಕಳನ್ನು ಬೆಳೆಸಿದ ಹೆಂಡತಿಯರ ಮಾತನ್ನು, ಅವರ ಹಾಸನದ ಅಥವಾ ಧಾರವಾಡದ ಕನ್ನಡದಲ್ಲೇ, ಅವರು ನಮ್ಮೊಂದಿಗಿರುವಾಗಲೇ ದಾಖಲಿಸಿಕೊಳ್ಳುವ ಕೆಲಸವನ್ನು ಕನ್ನಡದ ವಿಶ್ವವಿದ್ಯಾಲಯವೊಂದು ಇಲ್ಲಿನ ಬಳಗಗಳ ಜೊತೆ ಸೇರಿ ಕೈಗೆತ್ತಿಕೊಳ್ಳಬೇಕು.