ಈ ಗೆರೆಗಳು ಯಾವೂರಿನವು?

ಮಸಿಯಲ್ಲಿ ಎಳೆದ ಒಂದಿಷ್ಟು ಗೆರೆ, ಅಷ್ಟೆ. ಬಾಗಿದ ಬೆನ್ನು, ಕಡ್ಡಿಯಂಥ ಕೈಕಾಲು, ಮೈಗಂಟಿದ ಕೂಸು. ಮುಖ ಇದೆಯೋ ಇಲ್ಲವೋ ಅನ್ನುವ ಹಾಗೆ. ಹಿಂದೆ ಮನೆಯಿಲ್ಲ, ಮರವಿಲ್ಲ. ಇದೇ ಸಾಲಿನ ಬೇರೆ ಚಿತ್ರಗಳಲ್ಲಿ ಬಿದ್ದವರ ಸುತ್ತ ಕಾಗೆಗಳು.

ನಮ್ಮ ಓದುಬಳಗದಲ್ಲಿ ಇದರ ಪ್ರತಿಯನ್ನು ಗೋಡೆಗೆ ಅಂಟಿಸಿದಾಗ ಕಲೆ ಬಲ್ಲವರೊಬ್ಬರು, "ಇದು ಮನುಕುಲದ ಶಾಶ್ವತ ದುಃಖ, ಇದಕ್ಕೆ ದೇಶಕಾಲದ ಹಂಗಿಲ್ಲ" ಅಂದರು. ಹುಡುಗರು ತಲೆಯಾಡಿಸಿದರು. ಕಸ ಗುಡಿಸಲು ಬಂದ ಅಜ್ಜಿ ಮಾತ್ರ ಚಿತ್ರದ ಮುಂದೆ ನಿಂತು, "ಇವ್ಳು ಯಾವೂರೋಳಪ್ಪಾ?" ಅಂದಳು. ಚರಿತ್ರೆ ಕೇಳಬೇಕಾದ ಪ್ರಶ್ನೆಯನ್ನು ಅವಳು ಕೇಳಿದಳು.

ದೇಶವೂ ಇದೆ, ಕಾಲವೂ ಇದೆ. ಬಂಗಾಳ, 1943. ಬರೆದವನು ಜೈನುಲ್ ಆಬೆದಿನ್, ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯ ಮೇಷ್ಟ್ರು, ಆಗಿನ್ನೂ ಮೂವತ್ತು ತುಂಬದವನು. ಕಾಲುಹಾದಿಯಲ್ಲಿ ಜನ ಸಾಯುತ್ತಿದ್ದರು. ಸಾಮಾನು ಕಟ್ಟುವ ಅಗ್ಗದ ಕಾಗದದ ಮೇಲೆ, ಒಣಗಿದ ಕುಂಚದಲ್ಲಿ, ಕರಿ ಮಸಿಯಲ್ಲಿ ಅವನು ಬರೆದ. ಗೆರೆ ಅಲ್ಲಲ್ಲಿ ಹರಿದುಹೋಗಿರುವುದು ಶೈಲಿಯ ಬಿನ್ನಾಣ ಅಂತ ನನಗನ್ನಿಸುವುದಿಲ್ಲ. ಮಾಂಸವೇ ಇಲ್ಲದ ಮೈಗೆ ಗೆರೆ ಬಿಟ್ಟು ಇನ್ನೇನು ಉಳಿದೀತು?

ಇವರು ಯಾರು? 1942ರಲ್ಲಿ ಬರ್ಮಾ ಜಪಾನಿಗಳ ಕೈಗೆ ಹೋಯಿತು, ಅಲ್ಲಿಂದ ಬರುವ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದು ಅಂತ ಬ್ರಿಟಿಷ್ ಸರ್ಕಾರ ಕರಾವಳಿಯ ಅಕ್ಕಿ ಎತ್ತಿಸಿತು. ಹತ್ತು ಜನಕ್ಕಿಂತ ಹೆಚ್ಚು ಹಿಡಿಸುವ ದೋಣಿಗಳನ್ನು ಕಿತ್ತುಕೊಂಡಿತು. ಅಕ್ಟೋಬರಿನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಯುದ್ಧದ ಖರ್ಚಿನಿಂದ ಅಕ್ಕಿಯ ಬೆಲೆ ಮುಗಿಲಿಗೇರಿತು, ಕೂಲಿ ಏರಲಿಲ್ಲ. ಕಲ್ಕತ್ತೆಯ ಕಾರ್ಖಾನೆ, ಕಚೇರಿಯವರಿಗೆ ನಿಗದಿ ದರದ ಅಕ್ಕಿ ಸಿಕ್ಕಿತು. ಆ ಅಕ್ಕಿ ಬೆಳೆದ ಕೂಲಿಯವರು ಅದೇ ಪಟ್ಟಣಕ್ಕೆ ಬಂದು, ಅನ್ನ ಕೇಳುವ ಧೈರ್ಯವೂ ಇಲ್ಲದೆ, ಅನ್ನ ಬಸಿದ ಗಂಜಿನೀರಿಗೆ ಮನೆಮನೆಯ ಬಾಗಿಲಲ್ಲಿ ಕೂಗಿದರು.

1945ರ ಸರ್ಕಾರಿ ಆಯೋಗ ಸತ್ತವರು ಸುಮಾರು 15 ಲಕ್ಷ ಅಂದಿತು. ಅಮರ್ತ್ಯ ಸೇನ್ 1981ರಲ್ಲಿ ಲೆಕ್ಕ ತೆಗೆದು 30 ಲಕ್ಷದ ಹತ್ತಿರ ಅಂದರು. ಹೆಚ್ಚು ಹಾಳಾದವರು ಯಾರು ಅಂತಲೂ ತೋರಿಸಿದರು: ಹೊಲದ ಕೂಲಿ, ಮೀನು ಹಿಡಿಯುವವ, ದೋಣಿ ನಡೆಸುವವ, ಭತ್ತ ಕುಟ್ಟುವವಳು. ಜಮೀನ್ದಾರ ಈ ಗೆರೆಯೊಳಗಿಲ್ಲ. ಅಕ್ಕಿ ಬಚ್ಚಿಟ್ಟ ಸಾಹುಕಾರನೂ ಇಲ್ಲ. ಹಸಿವು ಮನುಕುಲಕ್ಕೆಲ್ಲ ಸಮವಾಗಿ ಬಂದಿದ್ದರೆ 'ಮನುಕುಲದ ದುಃಖ' ಅನ್ನಬಹುದಿತ್ತು.

ಆಬೆದಿನ್ ಹೆಸರು ಬರೆಯದೆ ಬಿಟ್ಟ ಅನ್ನುವುದು ನನ್ನ ದೂರಲ್ಲ. ಸಾಯುವವರನ್ನು ನಿಲ್ಲಿಸಿ ಹೆಸರು ಕೇಳುವುದು ಸುಲಭವೇನಲ್ಲ. ಆದರೆ ಅದನ್ನು ಕೇಳಿದ ಇನ್ನೊಬ್ಬನಿದ್ದ. ಚಿತ್ತಪ್ರಸಾದ್ ಅದೇ ವರ್ಷ ಮಿಡ್ನಾಪುರದಲ್ಲಿ ನಡೆದು, ಮಸಿಯಲ್ಲಿ ಬರೆದು, ಜನರ ಹೆಸರು, ಊರು, ಕಸುಬನ್ನೂ ಜೊತೆಗೆ ಬರೆದಿಟ್ಟ. 'ಹಂಗ್ರಿ ಬೆಂಗಾಲ್' ಅಂತ ಅದು ಪುಸ್ತಿಕೆಯಾಯಿತು. ಸರ್ಕಾರ ಪ್ರತಿಗಳನ್ನು ಹಿಡಿದು ಸುಟ್ಟಿತು. ಒಂದು ಪ್ರತಿ ಮನೆಯವರ ಹತ್ತಿರ ಉಳಿದಿತ್ತು. 2011ರಲ್ಲಿ ಅದನ್ನೇ ಮತ್ತೆ ಅಚ್ಚು ಹಾಕಿದರು.

ಆ ಅಜ್ಜಿಗೆ ಮರುವಾರ ಇದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ದೋಣಿ ಯಾಕ್ ಕಿತ್ಕಂಡ್ರು? ಮೀನಾದ್ರೂ ತಿಂತಿದ್ರಲ್ಲ" ಅಂದಳು.