ಗಂಜಾಂನಲ್ಲಿ ನಿಂತು ಹೇಳದೆ ಬಿಟ್ಟ ಮಾತು

ಕಳೆದ ಡಿಸೆಂಬರಿನಲ್ಲಿ ಬುಕ್ಕಾಪಟ್ಟಣದಿಂದ ಒಂದು ಮಿನಿ ಬಸ್ಸು ಮಾಡಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ನಮ್ಮ ಬೀದಿಯ ನಾಲ್ಕಾರು ಮನೆಯವರು, ಕಾಲೇಜು ಹುಡುಗರು, ನನಗೆ ಗಣಿತ ಕಲಿಸಿದ ನಿವೃತ್ತ ಮೇಷ್ಟ್ರು, ಜೊತೆಗೆ ಶಾಸನದ ಹುಚ್ಚು ಹತ್ತಿಸಿಕೊಂಡ ಎಂಜಿನಿಯರ್ ನಾನು. ಬೆಳಗಿನ ಜಾವವೇ ಹೊರಟು ಹುಳಿಯಾರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ, ನಾಗಮಂಗಲ ದಾಟಿ ಕೋಟೆ ಮುಟ್ಟಿದಾಗ ಗೈಡ್ ಕಾಯುತ್ತಿದ್ದರು.

ಮೊದಲು ಕೋಟೆಯೊಳಗಿನ ಒಂದು ಕಲ್ಲಿನ ಹತ್ತಿರ ನಿಲ್ಲಿಸಿ, "ಟಿಪ್ಪು ಸುಲ್ತಾನ್ ಸತ್ತ ಜಾಗ ಇದೇ ಸಾರ್" ಅಂದರು. ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಇರೋದು ಬೇರೆ: ಟಿಪ್ಪುವಿನ ದೇಹ ಇಲ್ಲಿ ಸಿಕ್ಕಿತು, ಅಷ್ಟೇ. 1799ರ ಮೇ 4ರ ರಾತ್ರಿ ಪಂಜು ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿದವರು ಕಂಪನಿ ಸೇನೆಯವರು. ಕಲ್ಲು ಆಡುವುದು ಹುಡುಕಿದವರ ಮಾತು. ಹುಡುಗರಿಗೆ ಈ ವ್ಯತ್ಯಾಸ ತೋರಿಸಿದೆ. ಗೈಡ್ ಬೇಜಾರು ಮಾಡಿಕೊಳ್ಳಲಿಲ್ಲ. "ಇನ್ಮೇಲೆ ಹಂಗೇ ಹೇಳ್ತೀನಿ ಸಾರ್" ಅಂದರು.

ಮುಂದೆ ನದಿ ಕಡೆಯ ಸ್ಮಾರಕ ಸ್ತಂಭ. ಮುತ್ತಿಗೆಯಲ್ಲಿ ಕಂಪನಿ ಪರವಾಗಿ ಸತ್ತವರ ನೆನಪಿಗೆ ನಿಲ್ಲಿಸಿದ್ದು. ಯುದ್ಧ 1799ರದ್ದು, ಸ್ತಂಭ 1907ರದ್ದು. ನಡುವೆ 108 ವರ್ಷ. ನಿಲ್ಲಿಸಿದವರು ಬ್ರಿಟಿಷರೂ ಅಲ್ಲ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸರ್ಕಾರ. ಗುಂಬಜ್ ಹತ್ತಿರದ ಕರ್ನಲ್ ಬೇಯ್ಲಿ ಸ್ಮಾರಕವೂ ಹೀಗೇ. ಅವನು ಸೆರೆಯಲ್ಲಿ ಸತ್ತದ್ದು 1782ರಲ್ಲಿ, ಸ್ಮಾರಕ ಕಟ್ಟಿಸಿದ್ದು ಅವನ ಸಂಬಂಧಿ, 1816ರಲ್ಲಿ. ಘಟನೆಯ ಕಾಲ ಬೇರೆ, ಕಲ್ಲು ಹಾಕಿಸಿದ ಕಾಲ ಬೇರೆ. ವೀರಗಲ್ಲು ಓದುವಾಗ ನಾವು ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕು: ಇದನ್ನು ಹಾಕಿಸಿದವರು ಯಾರು?

ಈ ಊರಲ್ಲಿ ಗೆದ್ದವರ ಕಲ್ಲುಗಳೇ ಇಷ್ಟೊಂದು ಯಾಕೆ ಅಂದರೆ, ಕೋಟೆ ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು, ದ್ವೀಪ ಮಾತ್ರ ಕಂಪನಿ ಕೈಯಲ್ಲೇ ಉಳಿಯಿತು. ಜ್ವರದ ಕಾಟಕ್ಕೆ ದಂಡು ಇಲ್ಲಿ ಬಹಳ ವರ್ಷ ನಿಲ್ಲಲಿಲ್ಲ. 1809ರಲ್ಲಿ ಶುರುವಾದ ಬೆಂಗಳೂರು ದಂಡುಪ್ರದೇಶಕ್ಕೆ ಹೋಯಿತು. 1881ರಲ್ಲಿ ಆಡಳಿತವನ್ನು ಒಡೆಯರಿಗೆ ಮರಳಿಸುವಾಗ, ಬೆಂಗಳೂರಿನ ಆ ದಂಡುಪ್ರದೇಶಕ್ಕೆ ಬದಲಾಗಿ ಈ ದ್ವೀಪ ಮೈಸೂರಿಗೆ ಬಂತು. ಒಟ್ಟು 82 ವರ್ಷ ಇದು ಅವರ ಊರು.

ಗುಂಬಜ್ ಮುಗಿಸಿ, ನಿಮಿಷಾಂಬ ದೇವಸ್ಥಾನಕ್ಕೆ ಹೋಗಿ ಬಂದು ಗಂಜಾಂನಲ್ಲಿ ಬಸ್ಸು ಹತ್ತುತ್ತಿದ್ದೆವು. ಮೇಷ್ಟ್ರು ಕೇಳಿದರು, "ಇಷ್ಟೊಂದು ಕಲ್ಲು ತೋರಿಸ್ದೆ. ನಮ್ಮ ಸೀಮೆಯೋರದ್ದು ಒಂದಾದ್ರೂ ಐತೇನಯ್ಯ?" ನಾನು ನಗುತ್ತಾ, "ನಮ್ಮದೆಲ್ಲ ಹನ್ನೆರಡನೇ ಸಂಪುಟ, ಇಲ್ಲೀದು ಮೂರನೇ ಸಂಪುಟ ಸಾರ್" ಅಂದೆ. ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಶ್ರೀರಂಗಪಟ್ಟಣ ಇರುವುದು 1894ರ ಮೂರನೇ ಸಂಪುಟದಲ್ಲಿ. ಶಿರಾ, ಮಧುಗಿರಿ, ಪಾವಗಡ ಇರುವುದು 1904ರ ಹನ್ನೆರಡರಲ್ಲಿ. ಜಾಣ ಉತ್ತರ ಕೊಟ್ಟೆ ಅಂದುಕೊಂಡೆ.

ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಅದೇ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ತೆಗೆದೆ. ನಾನೇ ಪೆನ್ಸಿಲ್‌ನಲ್ಲಿ ಗೆರೆ ಹಾಕಿದ್ದ ಸಾಲು ಅಲ್ಲಿತ್ತು: ಟಿಪ್ಪು ತನ್ನ ಹೊಸ ಪೇಟೆ ಗಂಜಾಂ ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದ. 1687ರಿಂದ ಮೊಘಲ್ ಸುಬಾದ ಕೇಂದ್ರವಾಗಿದ್ದ, 1696ರ ಜುಮ್ಮಾ ಮಸೀದಿ ಇನ್ನೂ ನಿಂತಿರುವ ನಮ್ಮ ಶಿರಾ ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಮೇಷ್ಟ್ರು ಪ್ರಶ್ನೆ ಕೇಳಿದಾಗ ನಾವು ನಿಂತಿದ್ದು ಆ ಜನರನ್ನು ತಂದಿಳಿಸಿದ ಪೇಟೆಯಲ್ಲೇ. ಓದಿದ್ದ ನಾನು ಬಾಯಿ ಬಿಡಲಿಲ್ಲ. ಕಾರಣ ಇಷ್ಟೇ: ಅದು ಶಾಸನವಲ್ಲ, ಗೆಜೆಟಿಯರಿನ ಒಂದು ಸಾಲು. ಕಲ್ಲಿಲ್ಲದ ಇತಿಹಾಸ ನನ್ನ ತಲೆಯಲ್ಲಿ ಇತಿಹಾಸವಾಗಿ ಕೂತೇ ಇರಲಿಲ್ಲ.

ಆ ಸಾಲನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. 12,000 ಅನ್ನೋದು ಎಣಿಸಿ ಬರೆದ ಲೆಕ್ಕದಂತೆ ಕಾಣೋದಿಲ್ಲ, ದುಂಡು ಸಂಖ್ಯೆ. ರೈಸ್ ಬರೆದದ್ದು ಟಿಪ್ಪು ಸತ್ತು ಮುಕ್ಕಾಲು ಶತಮಾನ ಕಳೆದ ಮೇಲೆ, ಅದೂ ಗೆದ್ದವರ ಆಡಳಿತದ ಅಧಿಕಾರಿಯಾಗಿ. ಸ್ತಂಭಕ್ಕೆ ಕೇಳಿದ ಪ್ರಶ್ನೆಯನ್ನು ಪುಸ್ತಕಕ್ಕೂ ಕೇಳಲೇಬೇಕು. ಸಂಖ್ಯೆ ಎಷ್ಟೇ ಇರಲಿ, ಒಂದು ಊರನ್ನು ಕಿತ್ತು ಇನ್ನೊಂದು ಊರಿಗೆ ನೆಟ್ಟ ಸುದ್ದಿ ಅದರಲ್ಲಿದೆ. ಅಂದು ನಾವು ಓದಿದ ಒಂದು ಕಲ್ಲಿನಲ್ಲೂ ಆ ಮನೆಗಳ ಮಾತಿರಲಿಲ್ಲ.

ಮಾರನೇ ದಿನ ಮೇಷ್ಟ್ರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಪುಸ್ತಕದ ಪುಟ ಎರಡು ಸಲ ಓದಿಸಿಕೊಂಡು, "ಹಂಗಾದ್ರೆ ನೆಂಟರ ಊರಿಗೆ ಹೋಗಿ ಒಂದು ಲೋಟ ನೀರೂ ಕುಡೀದೆ ಬಂದ್ವಿ ಅನ್ನು" ಅಂದರು.

ಮುಂದಿನ ಪ್ರವಾಸ ಶಿರಾ ಕೋಟೆಯಿಂದ ಶುರುವಾಗುತ್ತದೆ, ಶ್ರೀರಂಗಪಟ್ಟಣದಲ್ಲಿ ಮೊದಲು ನಿಲ್ಲುವುದು ಗಂಜಾಂನಲ್ಲಿ. ಅಲ್ಲಿನ ಹಳೇ ಮನೆಗಳಲ್ಲಿ ಕೇಳಬೇಕಾದ್ದನ್ನು ಮೇಷ್ಟ್ರೇ ಬರೆದುಕೊಟ್ಟಿದ್ದಾರೆ: ನಿಮ್ಮ ಮನೆದೇವರು ಯಾವ ಊರಿನದು? ಹಿರಿಯರು ಎಲ್ಲಿಂದ ಬಂದರು ಅಂತಿದ್ದರು? ಏನು ಕಸುಬು ಮಾಡ್ತಿದ್ದರು? ಅಚ್ಚು ತೆಗೆಯುವ ಕಾಗದದ ಜೊತೆ ಈ ಸಲ ಒಂದು ನೋಟ್‌ಬುಕ್ಕೂ ಇಟ್ಟುಕೊಳ್ಳುತ್ತೇನೆ.