‘ಕೆಲಸ’ದ ಲೆಕ್ಕ

ಕನ್ನಡದಲ್ಲಿ ‘ಕೆಲಸ’ಕ್ಕೆ ಎರಡು ಮುಖಗಳಿವೆ. ಒಂದು ದುಡಿಮೆ: ಹೊಲದ ಕೆಲಸ, ಮನೆಗೆಲಸ, ಗಾರೆಕೆಲಸ. ಇನ್ನೊಂದು ಪರಿಣಾಮ: ‘ಮಾತ್ರೆ ಕೆಲಸ ಮಾಡಿತು’ ಎಂದರೆ ಮಾತ್ರೆ ಬೆವರು ಸುರಿಸಿತೆಂದಲ್ಲ, ಜ್ವರ ಇಳಿಯಿತೆಂದು. ಭೌತವಿಜ್ಞಾನ ಹಿಡಿದದ್ದು ಈ ಎರಡನೆಯ ಮುಖವನ್ನು. ವಸ್ತುವಿನ ಮೇಲೆ ಬಲ ಬಿದ್ದು, ಅದೇ ದಿಕ್ಕಿನಲ್ಲಿ ವಸ್ತು ಸರಿದರೆ ಕೆಲಸ ನಡೆದಂತೆ. ಬಲವನ್ನು ಸರಿದ ದೂರದಿಂದ ಗುಣಿಸಿದರೆ ಅದರ ಅಳತೆ ಸಿಗುತ್ತದೆ. ಒಂದು ನ್ಯೂಟನ್ ಬಲ, ಒಂದು ಮೀಟರ್ ದೂರ: ಒಂದು ಜೂಲ್ ಕೆಲಸ.

ಶಾಲೆಯಲ್ಲಿ ಈ ವ್ಯಾಖ್ಯೆಯ ಬೆನ್ನಿಗೇ ಬರುವ ಉದಾಹರಣೆ ರೈಲ್ವೆ ಹಮಾಲರದು. ಪೆಟ್ಟಿಗೆಯನ್ನು ನೆಲದಿಂದ ತಲೆಗೇರಿಸುವಾಗ ಅದರ ಮೇಲೆ ಕೆಲಸ ನಡೆಯುತ್ತದೆ. ಆಮೇಲೆ ಸಮತಟ್ಟಾದ ಪ್ಲಾಟ್‌ಫಾರಂ ಮೇಲೆ ಒಂದೇ ವೇಗದಲ್ಲಿ ಎಷ್ಟು ದೂರ ಹೊತ್ತು ನಡೆದರೂ ಪೆಟ್ಟಿಗೆಯ ಮೇಲೆ ನಡೆದ ಕೆಲಸ ಸೊನ್ನೆ. ಏಕೆಂದರೆ ಬಲ ಮೇಲ್ಮುಖ, ಚಲನೆ ಅಡ್ಡ. ವಿದ್ಯಾರ್ಥಿಗೆ ಇದು ದುಡಿಯುವವರಿಗೆ ಮಾಡಿದ ಅನ್ಯಾಯದಂತೆ ಕಾಣುವುದು ಸಹಜ. ಆದರೆ ಸೊನ್ನೆ ಎಂಬ ಮಾತು ಪೆಟ್ಟಿಗೆಗೆ ಸೇರಿದ್ದು, ಹಮಾಲರ ಮೈಗೆ ಸೇರಿದ್ದಲ್ಲ. ಭಾರ ತಡೆದು ನಿಲ್ಲಲು ಸ್ನಾಯುವಿನ ಎಳೆಗಳು ಬಿಡದೆ ಬಿಗಿದು ಸಡಿಲಗೊಳ್ಳುತ್ತಲೇ ಇರುತ್ತವೆ. ಅದಕ್ಕೆ ಶಕ್ತಿ ಖರ್ಚಾಗುತ್ತದೆ, ಅದು ಶಾಖವಾಗುತ್ತದೆ. ದಣಿವು ಅಲ್ಲಿಂದ ಬಂದದ್ದು.

ಈ ಪದ ಶಾಸ್ತ್ರದೊಳಗೆ ಬಂದದ್ದೂ ದುಡಿಮೆಯ ಜಾಗದಿಂದಲೇ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಣಿಯ ನೀರೆತ್ತುವ ಉಗಿಯಂತ್ರಗಳ ಯೋಗ್ಯತೆಯನ್ನು, ಇಷ್ಟು ಕಲ್ಲಿದ್ದಲಿಗೆ ಎಷ್ಟು ಪೌಂಡ್ ನೀರು ಎಷ್ಟು ಅಡಿ ಮೇಲೇರಿತು ಎಂದು ಅಳೆಯುತ್ತಿದ್ದರು. ತೂಕ ಗುಣಿಸು ಎತ್ತರ ಎಂಬ ಆ ಲೆಕ್ಕಕ್ಕೆ ಫ್ರಾನ್ಸಿನ ಎಂಜಿನಿಯರ್ ಗಾಸ್ಪಾರ್ ಕೊರಿಯೊಲಿಸ್ 1829ರ ತಮ್ಮ ಪುಸ್ತಕದಲ್ಲಿ ಫ್ರೆಂಚಿನ ದಿನಬಳಕೆಯ ‘ಕೆಲಸ’ವನ್ನೇ ಹೆಸರಾಗಿ ಕೊಟ್ಟರು. ಆ ಪುಸ್ತಕದ ವಿಷಯ ಯಂತ್ರಗಳ ಪರಿಣಾಮದ ಗಣನೆ. ದಿನಬಳಕೆಯ ಕೆಲಸವೇ ಬೇರೆ, ವಿಜ್ಞಾನದ ಕೆಲಸವೇ ಬೇರೆ ಎಂದು ಪಾಠದ ಮೊದಲಲ್ಲೇ ಗೋಡೆ ಕಟ್ಟುವುದು ಆದ್ದರಿಂದ ಅರ್ಧ ಸತ್ಯ ಮಾತ್ರ.

ಕೊರಿಯೊಲಿಸ್ ಇನ್ನೊಂದು ಉಪಕಾರವನ್ನೂ ಮಾಡಿದರು. ಚಲಿಸುವ ವಸ್ತುವಿನ ಕಸುವನ್ನು ದ್ರವ್ಯರಾಶಿ ಮತ್ತು ವೇಗದ ವರ್ಗದ ಗುಣಲಬ್ಧದಿಂದ ಅಳೆಯಬೇಕೆಂದು ಲೈಬ್‌ನಿಟ್ಸ್ 1686ರಲ್ಲೇ ವಾದಿಸಿದ್ದರು. ಡಚ್ ವಿದ್ವಾಂಸ ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿಗೆ ಬೀಳಿಸಿ ಇದನ್ನು ಪರೀಕ್ಷಿಸಿದರು. ಬೀಳುವ ಎತ್ತರ ನಾಲ್ಕು ಪಟ್ಟಾದರೆ ಮಣ್ಣಿಗೆ ಬಡಿಯುವ ವೇಗ ಎರಡು ಪಟ್ಟಷ್ಟೇ ಆಗುತ್ತದೆ. ಕುಳಿಯ ಗಾತ್ರ ಮಾತ್ರ ನಾಲ್ಕು ಪಟ್ಟು. ಫ್ರಾನ್ಸಿನ ಎಮಿಲಿ ದ್ಯು ಶಾತ್ಲೆ 1740ರಲ್ಲಿ ಪ್ರಕಟಿಸಿದ ತಮ್ಮ ಭೌತವಿಜ್ಞಾನದ ಗ್ರಂಥದಲ್ಲಿ ಲೈಬ್‌ನಿಟ್ಸ್‌ರ ಪಕ್ಷವನ್ನು ಗಟ್ಟಿಯಾಗಿ ಎತ್ತಿಹಿಡಿದರು. ಆ ಗುಣಲಬ್ಧದ ಅರ್ಧವನ್ನು ತೆಗೆದುಕೊಂಡರೆ ಅದು ಕೆಲಸದ ಅಳತೆಗೆ ಸರಿಸಮವಾಗುತ್ತದೆಂದು ಕಂಡು, ಆ ಅರ್ಧವನ್ನು ವ್ಯಾಖ್ಯೆಯಲ್ಲೇ ಸೇರಿಸಿದವರು ಕೊರಿಯೊಲಿಸ್. ಇಂದಿನ ಚಲನಶಕ್ತಿಯ ಸೂತ್ರ ಇದೇ.

ಎರಡನ್ನೂ ಬೆಸೆಯುವುದು ಕೆಲಸ-ಶಕ್ತಿ ಪ್ರಮೇಯ: ವಸ್ತುವಿನ ಮೇಲೆ ಎಲ್ಲ ಬಲಗಳೂ ಸೇರಿ ಮಾಡಿದ ನಿವ್ವಳ ಕೆಲಸವು ಅದರ ಚಲನಶಕ್ತಿಯ ಬದಲಾವಣೆಗೆ ಸಮ. ಇದು ಹೊಸ ನಿಯಮವೇನಲ್ಲ. ಬಲವೆಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ ಎಂಬ ನ್ಯೂಟನ್ ನಿಯಮವನ್ನು ಕಾಲದ ಬದಲು ದೂರದುದ್ದಕ್ಕೂ ಕೂಡಿಸಿದರೆ ಬರುವ ಫಲ. ಬಲವನ್ನು ಕಾಲದಿಂದ ಗುಣಿಸಿದರೆ ಸಂವೇಗದ ಬದಲಾವಣೆ, ದೂರದಿಂದ ಗುಣಿಸಿದರೆ ಚಲನಶಕ್ತಿಯ ಬದಲಾವಣೆ.

ಇದರ ಬಿಸಿ ರಸ್ತೆಯಲ್ಲಿ ಮುಟ್ಟುತ್ತದೆ. 1000 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ 50,000 ಜೂಲ್. ಬ್ರೇಕ್ ಒತ್ತಿದಾಗ 5000 ನ್ಯೂಟನ್ ಬಲ ಎದುರಾದರೆ ಕಾರು 10 ಮೀಟರಿನಲ್ಲಿ ನಿಲ್ಲುತ್ತದೆ. ವೇಗ 72ಕ್ಕೇರಿದರೆ ಚಲನಶಕ್ತಿ 2,00,000 ಜೂಲ್ ಆಗುತ್ತದೆ; ಅದೇ ಬ್ರೇಕಿಗೆ ಈಗ 40 ಮೀಟರ್ ಬೇಕು. ವೇಗ ದುಪ್ಪಟ್ಟಾದರೆ ನಿಲ್ಲುವ ದೂರವೂ ದುಪ್ಪಟ್ಟು ಎಂದು ಮನಸ್ಸು ಹಾಕುವ ಅಂದಾಜು ಇಲ್ಲಿ ಪ್ರಾಣಕ್ಕೇ ಎರವಾಗಬಲ್ಲದು. ಚಾಲಕರು ಬ್ರೇಕಿನ ಮೇಲೆ ಕಾಲಿಡುವ ಮೊದಲೇ ಕಾರು ಕ್ರಮಿಸಿದ ದೂರ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

ಬ್ರೇಕ್ ಹಾಕಿದಾಗ ಬಲ ಚಲನೆಗೆ ಎದುರಾಗಿರುವುದರಿಂದ ಕೆಲಸ ಋಣಾತ್ಮಕ. ‘ಋಣ’ವೆಂದರೆ ಕೆಲಸ ಆಗಲಿಲ್ಲವೆಂದಲ್ಲ, ವಸ್ತುವಿನಿಂದ ಶಕ್ತಿ ಹೊರಹೋಯಿತೆಂದು, ಅದು ಬ್ರೇಕ್ ಭಾಗಗಳಲ್ಲಿ ಶಾಖವಾಗುತ್ತದೆ. ಬೀರುವನ್ನು ನೆಲದ ಮೇಲೆ ಒಂದೇ ವೇಗದಲ್ಲಿ ತಳ್ಳುವವರು ಧನಾತ್ಮಕ ಕೆಲಸ ಮಾಡುತ್ತಾರೆ, ಘರ್ಷಣೆ ಅಷ್ಟೇ ಋಣಾತ್ಮಕ ಕೆಲಸ ಮಾಡುತ್ತದೆ. ನಿವ್ವಳ ಸೊನ್ನೆ, ಚಲನಶಕ್ತಿ ಇದ್ದಷ್ಟೇ. ಪ್ರಮೇಯದಲ್ಲಿ ‘ನಿವ್ವಳ’ ಎಂಬ ಪದವನ್ನು ಬಿಟ್ಟು ಓದುವವರು ಎಡವುವುದು ಇಲ್ಲಿಯೇ. ಭೂಮಿಯ ಸುತ್ತ ವೃತ್ತಾಕಾರದಲ್ಲಿ ಸುತ್ತುವ ಉಪಗ್ರಹದ ಮೇಲೆ ಗುರುತ್ವ ಸದಾ ಬಲ ಹೇರುತ್ತಿರುತ್ತದೆ. ಆದರೂ ಆ ಬಲ ಚಲನೆಗೆ ಲಂಬವಾಗಿರುವುದರಿಂದ ದಿಕ್ಕನ್ನು ಮಾತ್ರ ತಿರುಗಿಸುತ್ತದೆ, ವೇಗದ ಪ್ರಮಾಣವನ್ನು ಮುಟ್ಟುವುದಿಲ್ಲ.